ಪರಮಪ್ರಸಾದಕ್ಕೆ ಸಿದ್ಧವಾಗುವ ಮಕ್ಕಳ ನೋಟ್‌ಬುಕ್: ಕಾಗದದಿಂದ ಕೊನೆಯ ಪುಟದವರೆಗೆ

ಮೊದಲ ಪರಮಪ್ರಸಾದದ (ಫಸ್ಟ್ ಹೋಲಿ ಕಮ್ಯುನಿಯನ್, ಕಥೋಲಿಕ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದು) ತರಗತಿಯಲ್ಲಿ ಮಕ್ಕಳಿಂದ ಒಂದು ನೋಟ್‌ಬುಕ್ ಮಾಡಿಸುವುದು ಮಂಗಳೂರು, ಉಡುಪಿ ಕಡೆಯ ದೊತೊರ್ನಿನ (ಧರ್ಮೋಪದೇಶದ ತರಗತಿಯ) ಟೀಚರುಗಳಿಗೆ ಹೊಸದೇನಲ್ಲ. ಆದರೆ ವರ್ಷದ ಕೊನೆಗೆ ಇಪ್ಪತ್ತು ಪುಸ್ತಕ ಮೇಜಿನ ಮೇಲೆ ಸಾಲಾಗಿ ಬಂದಾಗ ಇಪ್ಪತ್ತೂ ಒಂದೇ ಥರ ಇರುತ್ತವೆ: ಅದೇ ಇಂಟರ್‌ನೆಟ್ ಚಿತ್ರ, ಅದೇ ಮಿನುಗು ಪುಡಿ, ಅಮ್ಮನ ದುಂಡು ಅಕ್ಷರ. ಹೆಸರಿನ ಚೀಟಿ ಮುಚ್ಚಿಟ್ಟು ಯಾವುದೋ ಒಂದು ಪುಟ ತೆರೆದರೂ ಇದು ಯಾವ ಮಗುವಿನದೆಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಆ ಪುಸ್ತಕದಲ್ಲಿ ಮಗುವಿಗೆ ಜಾಗ ಸಿಕ್ಕಿಲ್ಲ ಎಂದೇ ಲೆಕ್ಕ. ಕೆಳಗಿನ ವಿಧಾನ ಪೂರ್ತಿ ನಿಂತಿರುವುದು ಒಂದು ನಿಯಮದ ಮೇಲೆ: ಪ್ರತಿ ಪುಟದ ಮೇಲಿನ ಅರ್ಧ ಪಾಠಕ್ಕೆ, ಕೆಳಗಿನ ಅರ್ಧ ಮಗುವಿಗೆ. ಆ ಕೆಳಗಿನ ಅರ್ಧಕ್ಕೆ ದೊಡ್ಡವರ ಪೆನ್ನು ತಾಗಬಾರದು.

ಭಾಷೆ ಮೊದಲು

ನಮ್ಮ ಕಡೆಯ ಮಗು ಮನೆಯಲ್ಲಿ ಕೊಂಕಣಿ ಮಾತಾಡುತ್ತದೆ, ಅಂಗಳಕ್ಕಿಳಿದರೆ ತುಳು, ಶಾಲೆಯಲ್ಲಿ ಇಂಗ್ಲಿಷ್. ಇಗರ್ಜಿಯ (ಚರ್ಚಿನ) ಕೊಂಕಣಿ ಇರುವುದು ಕನ್ನಡ ಲಿಪಿಯಲ್ಲಿ, ಆ ಲಿಪಿಯನ್ನು ಮಗು ಇನ್ನೂ ಕೂಡಿಸಿ ಕೂಡಿಸಿ ಓದುತ್ತಿರುತ್ತದೆ. ಈ ಗೊಂದಲಕ್ಕೆ ಹೆಚ್ಚಿನವರು ಹುಡುಕುವ ಪರಿಹಾರವೆಂದರೆ ಪ್ರತಿ ಪ್ರಾರ್ಥನೆಯನ್ನೂ ಮೂರು ಭಾಷೆಯಲ್ಲಿ ಬರೆಸುವುದು. ಅದರಿಂದ ಬರವಣಿಗೆ ಮೂರು ಪಾಲಾಗುತ್ತದೆ, ಪ್ರಾರ್ಥನೆ ಒಂದೂ ಬಾಯಿಗೆ ಬರುವುದಿಲ್ಲ. ಮಗು ಭಾನುವಾರ ಯಾವ ಭಾಷೆಯ ಬಲಿಪೂಜೆಗೆ (ಮಾಸ್) ಹೋಗುತ್ತದೋ ಆ ಭಾಷೆಯಲ್ಲಿ ಪ್ರಾರ್ಥನೆ ಇರಲಿ. ಕೆಳಗಿನ ಅರ್ಧದಲ್ಲಿ ಮಗು ಯಾವ ಭಾಷೆಯಲ್ಲಾದರೂ ಬರೆಯಲಿ, ಕೊಂಕಣಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸರಿ.

ಬೈಬಲ್ ವಾಕ್ಯ ಬರೆಸುವಾಗ ಒಂದು ಎಚ್ಚರ. ಮನೆಯ ಕಪಾಟಿನಲ್ಲಿ ಸಿಗುವುದು ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದ’ವಾದರೆ ಅದರಲ್ಲಿ ‘ಯೋಹಾನ’ ಎಂದಿರುತ್ತದೆ, ಕನ್ನಡ ಪೂಜೆಯಲ್ಲಿ ಕೇಳುವುದು ‘ಯೊವಾನ್ನ’. ಎರಡೂ ತಪ್ಪಲ್ಲ, ಆದರೆ ಎಂಟು ವರ್ಷದ ಮಗು ಇಬ್ಬರು ಬೇರೆ ಬೇರೆ ಮನುಷ್ಯರೆಂದು ತಿಳಿಯುತ್ತದೆ. ದಶಾಜ್ಞೆಗಳ ಎಣಿಕೆಯೂ ಹಾಗೆಯೇ. ತಂದೆತಾಯಿಯನ್ನು ಗೌರವಿಸು ಎಂಬುದು ಕಥೋಲಿಕರಿಗೆ 4ನೆಯ ಆಜ್ಞೆ. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ 5ನೆಯದು. ನೆಟ್‌ನಿಂದ ಇಳಿಸಿದ ಬಣ್ಣದ ಚಾರ್ಟು ಯಾವ ಎಣಿಕೆಯದೆಂದು ನೋಡದೆ ಅಂಟಿಸಿದರೆ ಪಾಪನಿವೇದನೆಯ (ಧರ್ಮಗುರುಗಳ ಬಳಿ ತಪ್ಪು ಹೇಳಿಕೊಳ್ಳುವುದು) ಪಾಠದ ದಿನ ತರಗತಿಯಲ್ಲಿ ಗದ್ದಲ ಗ್ಯಾರಂಟಿ.

ಕಾಗದ, ಹೊಲಿಗೆ

ಅಂಗಡಿಯ ಸಾಮಾನ್ಯ ನೋಟ್‌ಬುಕ್ಕಿನ ಕಾಗದ 55–60 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ). ಸ್ಕೆಚ್ ಪೆನ್ನಿನ ಬಣ್ಣ ಅದರ ಹಿಂಬದಿಗೆ ಇಳಿಯುತ್ತದೆ, ಅಂಟು ಹಚ್ಚಿದರೆ ಹಪ್ಪಳದಂತೆ ಸುರುಟುತ್ತದೆ. ಮಂಗಳೂರಿನ ಹಂಪನಕಟ್ಟೆಯ ಯಾವ ದೊಡ್ಡ ಸ್ಟೇಷನರಿ ಅಂಗಡಿಯಲ್ಲೂ 100 ಅಥವಾ 120 ಜಿಎಸ್‌ಎಂನ ಎ3 ಹಾಳೆ ಸಿಗುತ್ತದೆ. ಅದನ್ನೇ ಹೊಲಿದು ಪುಸ್ತಕ ಮಾಡಿಕೊಂಡರೆ ಒಳ್ಳೆಯದು. ಒಂದು ಮಗುವಿಗೆ ಬೇಕಾಗುವುದು:

• 100 ಜಿಎಸ್‌ಎಂನ ಎ3 ಹಾಳೆ 12 (ಮಡಚಿದರೆ ಎ4 ಅಳತೆಯ 48 ಪುಟ)
• ರಕ್ಷಾಪುಟಕ್ಕೆ 250–300 ಜಿಎಸ್‌ಎಂನ ಎ3 ಕಾರ್ಡ್ 1
• 4 ಸೆಂ.ಮೀ. ಅಗಲ, 29 ಸೆಂ.ಮೀ. ಉದ್ದದ ಕಾಗದದ ಪಟ್ಟಿ 6
• ದಪ್ಪ ಹತ್ತಿ ದಾರ 75 ಸೆಂ.ಮೀ., ದೊಡ್ಡ ಕಣ್ಣಿನ ಸೂಜಿ
• ದಾರಕ್ಕೆ ಉಜ್ಜಲು ಉರಿದುಳಿದ ಮೇಣದಬತ್ತಿಯ ತುಂಡು

ಪಟ್ಟಿಗಳು ಏಕೆಂದರೆ, ಚಿತ್ರ ಅಂಟಿಸುತ್ತ ಹೋದಂತೆ ಪುಸ್ತಕದ ಬಾಯಿ ಕಡೆ ದಪ್ಪವಾಗುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ. ಡಿಸೆಂಬರ್ ಹೊತ್ತಿಗೆ ಪುಸ್ತಕ ಹೊಟ್ಟೆ ಬಿಟ್ಟು, ಮುಚ್ಚಿದರೂ ತೆರೆದೇ ಇರುತ್ತದೆ, ಹೊಲಿಗೆ ಕಾಗದವನ್ನು ಸೀಳುತ್ತದೆ. ಪ್ರತಿ ಎರಡು ಹಾಳೆಗೊಂದು ಪಟ್ಟಿಯನ್ನು ನಡುವೆ ಮಡಚಿ ಸೇರಿಸಿ ಹೊಲಿದರೆ ಬೆನ್ನಿಗೂ ಅಷ್ಟೇ ದಪ್ಪ ಬಂದು ಸರಿಹೋಗುತ್ತದೆ. ಅಂಗಡಿಯ ಪುಸ್ತಕವನ್ನೇ ಬಳಸುವವರು ನಾಲ್ಕಕ್ಕೊಂದು ಹಾಳೆಯನ್ನು ಬೆನ್ನಿನಿಂದ 2 ಸೆಂ.ಮೀ. ಬಿಟ್ಟು ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಅದರ ಜೋಡಿ ಹಾಳೆಯೂ ಒಂದು ವಾರದಲ್ಲಿ ಉದುರುತ್ತದೆ.

ಹೊಲಿಗೆಗೆ ಮಡಿಕೆಯ ಗೆರೆಯ ಮೇಲೆ ಐದು ತೂತು: ಒಂದು ನಟ್ಟನಡುವೆ, ಅದರಿಂದ ಮೇಲೂ ಕೆಳಗೂ 6 ಸೆಂ.ಮೀ.ಗೊಂದರಂತೆ ಎರಡೆರಡು. ಮೇಲಿನಿಂದ ಕೆಳಕ್ಕೆ 1ರಿಂದ 5 ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ತೂತು ಹಾಕುವುದು ದಬ್ಬಳದಿಂದ, ಅಡಿಗೆ ಹಳೆಯ ಪತ್ರಿಕೆಯ ಕಂತೆ ಇಟ್ಟು, ದೊಡ್ಡವರೇ. ಸೂಜಿಯನ್ನು ಒಳಗಿನಿಂದ 3ರಲ್ಲಿ ಹೊರಕ್ಕೆ ಎಳೆಯಿರಿ, 8 ಸೆಂ.ಮೀ. ಬಾಲ ಒಳಗೆ ಉಳಿಯಲಿ. 4ರಲ್ಲಿ ಒಳಕ್ಕೆ, 5ರಲ್ಲಿ ಹೊರಕ್ಕೆ, ಮತ್ತೆ 4ರಲ್ಲಿ ಒಳಕ್ಕೆ. ಈಗ 3ನ್ನು ದಾಟಿ ನೇರ 2ರಲ್ಲಿ ಹೊರಕ್ಕೆ, 1ರಲ್ಲಿ ಒಳಕ್ಕೆ, 2ರಲ್ಲಿ ಹೊರಕ್ಕೆ, ಕೊನೆಗೆ 3ರಲ್ಲಿ ಒಳಕ್ಕೆ. ನಡುವೆ ಹಾದ ಉದ್ದ ದಾರದ ಒಂದೊಂದು ಬದಿಗೆ ಒಂದೊಂದು ಬಾಲ ಬರುವಂತೆ ಹಿಡಿದು ಎರಡು ಗಂಟು. ದಾರವನ್ನು ಎಳೆಯುವಾಗ ಬೆನ್ನಿನ ಉದ್ದಕ್ಕೆ ಸಮಾನಾಂತರವಾಗಿ ಎಳೆಯಬೇಕು, ಅಡ್ಡಕ್ಕೆ ಎಳೆದರೆ ತೂತು ಸೀಳು ಬಿಡುತ್ತದೆ. ಎಂಟು ವರ್ಷದ ಮಕ್ಕಳಿಗೆ ತೂತು ಸಿದ್ಧವಿದ್ದರೆ ಈ ಹೊಲಿಗೆ ಸಲೀಸು. ತಾವೇ ಹೊಲಿದ ಪುಸ್ತಕವನ್ನು ಅವರು ಆಟೋದಲ್ಲಿ ಮರೆತು ಬರುವುದೂ ಕಡಿಮೆ.

ಅಂಟು ಮತ್ತು ಮಳೆ

ತರಗತಿ ಶುರುವಾಗುವುದೇ ಜೂನ್‌ನಲ್ಲಿ, ಕರಾವಳಿಯ ಮಳೆಯ ಜತೆಗೆ. ಸೆಪ್ಟೆಂಬರ್‌ವರೆಗೆ ಕಾಗದ ಮುಟ್ಟಿದರೆ ತಣ್ಣಗಿರುತ್ತದೆ, ಫೆವಿಕಾಲ್ ಒಣಗಲು ಒಂದು ರಾತ್ರಿ ಬೇಕು. ಡಬ್ಬಿಯಿಂದ ನೇರ ಹಿಂಡಬೇಡಿ; ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ, ಅರ್ಧ ಇಂಚಿನ ಬ್ರಶ್ಶಿನಲ್ಲಿ ಚಿತ್ರದ ಹಿಂಬದಿಗೆ ತೆಳ್ಳಗೆ ಹಚ್ಚಿ, ಅಂಚಿಗೆ ತಪ್ಪದೆ. ಪುಟಗಳ ನಡುವೆ ಬಟರ್ ಪೇಪರ್ ಹಾಕಿ, ಮೇಲೆ ಭಾರ ಇಟ್ಟು ಬೆಳಗಿನವರೆಗೆ ಬಿಡಬೇಕು. ಇಪ್ಪತ್ತು ಮಕ್ಕಳಿಗೆ ಅರ್ಧ ಕಿಲೊ ಡಬ್ಬಿ ಧಾರಾಳ. ಜುಲೈ, ಆಗಸ್ಟ್ ಎರಡು ತಿಂಗಳು ಅಂಟಿಸುವ ಕೆಲಸವನ್ನೇ ಇಟ್ಟುಕೊಳ್ಳದೆ ಬರೀ ಬಿಡಿಸುವ, ಬರೆಯುವ ಪುಟಗಳನ್ನು ಮಾಡಿಸಿದರೆ ಇನ್ನೂ ಜಾಣತನ.

ಗೂಡುದೀಪಕ್ಕೆ, ಕ್ರಿಸ್ಮಸ್ ನಕ್ಷತ್ರಕ್ಕೆ ಮಾಡುವ ಮೈದಾ ಅಂಟು ಇಲ್ಲಿ ಬೇಡ. ನಕ್ಷತ್ರದ ಆಯಸ್ಸು ಒಂದು ತಿಂಗಳು. ಪುಸ್ತಕಕ್ಕೆ ಮೈದಾ ಹಚ್ಚಿದರೆ ಮುಂದಿನ ಮಳೆಗೆ ಬೂಸಲು, ಅದಕ್ಕೆ ಮೊದಲೇ ಜಿರಳೆ. ಹುಳು ಬಾರದಿರಲು ಹಿಂದಿನವರು ಅದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಕೂಡದು. ಸೆಲ್ಲೊಟೇಪೂ ಬೇಡ, ಎರಡು ವರ್ಷದಲ್ಲಿ ಹಳದಿಯಾಗಿ ಎದ್ದು ಬರುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಪುಸ್ತಕಕ್ಕೆ ಖಾಕಿ ಬೈಂಡು ಹಾಕಿ. ಪೂರ್ತಿ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಬೂಸಲು ಹಿಡಿಯುತ್ತದೆ.

ಭಾನುವಾರದ ಒಂದು ಗಂಟೆ

ಪೂಜೆಯ ನಂತರ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. 20 ನಿಮಿಷ ಪಾಠ, 5 ನಿಮಿಷ ಸುಮ್ಮನೆ ಕೂರುವುದು, 25 ನಿಮಿಷ ಪುಸ್ತಕ, 10 ನಿಮಿಷ ಎತ್ತಿಡುವುದು. ಆ ಸುಮ್ಮನೆ ಕೂರುವ 5 ನಿಮಿಷವನ್ನು ಕೈಬಿಟ್ಟರೆ ಕೆಳಗಿನ ಅರ್ಧ ಪುಟಕ್ಕೆ ಬರುವುದು ಪಕ್ಕದ ಮಗುವಿನ ಚಿತ್ರದ ನಕಲು. ‘ಈವತ್ತು ಕೇಳಿದ್ದರಲ್ಲಿ ನಿನಗೆ ಯಾವುದು ನೆನಪಿದೆ?’ ಎಂದು ಒಂದೇ ಪ್ರಶ್ನೆ ಕೇಳಿ, ಕಣ್ಣು ಮುಚ್ಚಿಸಿ. ಮನೆಕೆಲಸ ಕೊಡಬೇಡಿ. ಪುಸ್ತಕಗಳು ತರಗತಿಯಲ್ಲೇ ಇರಲಿ, ತಿಂಗಳಿಗೊಮ್ಮೆ ಮನೆಗೆ ಹೋಗಿ ಬರಲಿ. ಮನೆಗೆ ಹೋದ ದಿನವೇ ಮಿನುಗು ಪುಡಿ ಬೀಳುವುದು.

ಯಾವ ಪುಟದಲ್ಲಿ ಏನು

48 ಪುಟವನ್ನೂ ತುಂಬಿಸಲು ಹೋಗಬೇಡಿ, 30 ಸಾಕು. ಕೆಲವನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುತ್ತೇವೆ.

ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪುಟ ಮೊದಲಿನದು. ಹುಟ್ಟಿದ ದಿನ ಎಲ್ಲ ಮಕ್ಕಳಿಗೂ ಗೊತ್ತು, ದೀಕ್ಷಾಸ್ನಾನದ ದಿನ ಹೆತ್ತವರಿಗೇ ಗೊತ್ತಿರುವುದಿಲ್ಲ. ಪ್ರಮಾಣಪತ್ರ ನೋಡಿ ತಾರೀಕು, ಇಗರ್ಜಿಯ ಹೆಸರು, ಜ್ಞಾನ ತಂದೆತಾಯಿಯ ಹೆಸರು ಬರೆಸಿ. ಗಲ್ಫಿನಲ್ಲೋ ಮುಂಬಯಿಯಲ್ಲೋ ದೀಕ್ಷಾಸ್ನಾನವಾದ ಮಕ್ಕಳು ನಮ್ಮಲ್ಲಿ ಬಹಳ. ಈ ಪುಟವನ್ನು ಜೂನ್‌ನಲ್ಲೇ ಮಾಡಿಸಿದರೆ ಪ್ರಮಾಣಪತ್ರ ಇಲ್ಲದವರು ಯಾರೆಂದು ಆಗಲೇ ತಿಳಿಯುತ್ತದೆ, ತರಿಸಿಕೊಳ್ಳಲು ತಿಂಗಳುಗಳು ಸಿಗುತ್ತವೆ. ಪರಮಪ್ರಸಾದ ಸಂಸ್ಕಾರದ ಹಿಂದಿನ ವಾರ ಇಗರ್ಜಿ ಕಚೇರಿಯ ಮುಂದೆ ನಿಲ್ಲುವ ಸಾಲು ಇದರಿಂದಲೇ ಅರ್ಧವಾಗುತ್ತದೆ. ಚಿತ್ರಕ್ಕೆ ಪಾಸ್ಖ (ಈಸ್ಟರ್) ಮೇಣದಬತ್ತಿ: ಶಿಲುಬೆ, ಮೇಲೆ ಆಲ್ಫ, ಕೆಳಗೆ ಒಮೆಗ, ಶಿಲುಬೆಯ ನಾಲ್ಕು ಮೂಲೆಗೆ ವರ್ಷದ ನಾಲ್ಕು ಅಂಕಿ, ಐದು ಧೂಪದ ಕಣ. ಅಂಕಿಗಳು ಈ ವರ್ಷದವಲ್ಲ, ತನಗೆ ದೀಕ್ಷಾಸ್ನಾನವಾದ ವರ್ಷದವು. ಈ ಪುಟದ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು, ಮಗುವಿನ ವಿವರವೆಲ್ಲ ಅದರಲ್ಲೇ ಇದೆ.

ಇಗರ್ಜಿಯ ನಕ್ಷೆಗೆ ಪುಸ್ತಕವನ್ನು ಹಿಡಿದುಕೊಂಡು ಒಳಗೇ ಹೋಗಬೇಕು. ಪೀಠ, ವಾಚನಪೀಠ, ಪರಮಪ್ರಸಾದದ ಪೆಟ್ಟಿಗೆ, ಅದರ ಬಳಿ ಉರಿಯುವ ಕೆಂಪು ದೀಪ, ದೀಕ್ಷಾಸ್ನಾನದ ತೊಟ್ಟಿ, ಶಿಲುಬೆಯ ಹಾದಿಯ 14 ಚಿತ್ರಗಳು, ಪಾಪನಿವೇದನೆಯ ಜಾಗ. ಕೊನೆಗೆ ‘ನಾನು ಕೂರುವ ಜಾಗ’ ಎಂದು ಒಂದು ಚುಕ್ಕೆ. ಕೆಲವು ಮಕ್ಕಳು ಚುಕ್ಕೆಯನ್ನು ಹೊರಗಿನ ಮಾವಿನ ಮರದಡಿ ಹಾಕುತ್ತಾರೆ. ಅದನ್ನು ಅಳಿಸಬೇಡಿ, ಅದರಿಂದ ನಿಮಗೇ ಒಂದು ವಿಷಯ ಗೊತ್ತಾಯಿತು. ಶಿಲುಬೆಯ ಮೇಲಿನ ‘ಐಎನ್ಆರ್‌ಐ’ ಏನೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ: ‘ನಜರೇತಿನ ಯೇಸು, ಯೆಹೂದ್ಯರ ಅರಸ’ ಎಂಬುದರ ಲ್ಯಾಟಿನ್ ಮೊದಲಕ್ಷರಗಳು, ಯೊವಾನ್ನ 19:19. ‘ಐಎಚ್ಎಸ್’ ಗ್ರೀಕಿನಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ, ಇಂಗ್ಲಿಷ್ ವಾಕ್ಯವೊಂದರ ಹ್ರಸ್ವರೂಪವಲ್ಲ.

ಪೂಜಾವರ್ಷದ (ಚರ್ಚಿನ ವರ್ಷದ ಭಾನುವಾರಗಳ) ಚಕ್ರ ಎಲ್ಲರೂ ಮಾಡಿಸುತ್ತಾರೆ, ಹೆಚ್ಚಿನವರದು ಕೊನೆಯಲ್ಲಿ ಎರಡು ಭಾನುವಾರ ಮಿಕ್ಕು ಹಾಳಾಗುತ್ತದೆ. 52 ಭಾಗವನ್ನು ಕೋನಮಾಪಕದಲ್ಲಿ ಅಳೆಯಲು ಹೋದರೆ ಒಂದಕ್ಕೆ 6.9 ಡಿಗ್ರಿ, ಮಕ್ಕಳ ಕೈಲಾಗದ ಕೆಲಸ. ಅದರ ಬದಲು ಕೈವಾರವನ್ನು 8.3 ಸೆಂ.ಮೀ. ಅಗಲಿಸಿ ವೃತ್ತ ಎಳೆಯಿರಿ. ಅದರ ಸುತ್ತಳತೆ 52 ಸೆಂ.ಮೀ. ಆಗುತ್ತದೆ, ಎಂದರೆ ಭಾನುವಾರಕ್ಕೊಂದು ಸೆಂಟಿಮೀಟರ್. ಎ4 ಪುಟದೊಳಗೆ ಎರಡೂ ಬದಿ 2 ಸೆಂ.ಮೀ. ಬಿಟ್ಟು ಹಿಡಿಸುತ್ತದೆ. ಮೊದಲು ಅಡ್ಡ, ಉದ್ದ ಎರಡು ಗೆರೆ ಎಳೆದು ನಾಲ್ಕು ಕಾಲು ಮಾಡಿಕೊಳ್ಳಿ, ಒಂದು ಕಾಲಿಗೆ ಸರಿಯಾಗಿ 13. ಕೈವಾರವನ್ನು 1 ಸೆಂ.ಮೀ.ಗೆ ಇಳಿಸಿ ಪ್ರತಿ ಕಾಲಿನಲ್ಲೂ 13 ಹೆಜ್ಜೆ ಹಾಕಿಸಿ. ಒಂದೇ ಉಸಿರಿಗೆ 52 ಹೆಜ್ಜೆ ಹಾಕಿದರೆ ಹೆಜ್ಜೆಗೆ ಅರ್ಧ ಮಿಲಿಮೀಟರ್ ತಪ್ಪಿದರೂ ಕೊನೆಗೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಕಾಲು ಭಾಗ ಮಾಡಿಕೊಂಡರೆ ತಪ್ಪು ಆ ಕಾಲಿನೊಳಗೇ ಮುಗಿಯುತ್ತದೆ. ಕೆಲವು ವರ್ಷ 53 ಭಾನುವಾರ ಬರುತ್ತದೆ. ಆಗ ಕೈವಾರ 8.4 ಸೆಂ.ಮೀ. ಇಟ್ಟು, ಒಂದು ಕಾಲಿನಲ್ಲಿ 14 ಭಾಗ ಮಾಡಿ.

ಬಣ್ಣ: ಆಗಮನ ಕಾಲದ (ಕ್ರಿಸ್ಮಸ್ ಹಬ್ಬಕ್ಕೆ ಮೊದಲಿನ) 4 ಭಾನುವಾರ ನೇರಳೆ, ಅದರಲ್ಲಿ 3ನೆಯದು ಗುಲಾಬಿ. ಕ್ರಿಸ್ಮಸ್ ಕಾಲ ಬಿಳಿ, ನಂತರ ಹಸಿರು. ತಪಸ್ಸುಕಾಲ (ಪಾಸ್ಖ ಹಬ್ಬಕ್ಕೆ ಮೊದಲಿನ ವಾರಗಳು) ನೇರಳೆ, 4ನೆಯದು ಗುಲಾಬಿ, ಗರಿಗಳ ಭಾನುವಾರ ಕೆಂಪು. ಪಾಸ್ಖ ಕಾಲದ 7 ಬಿಳಿ, ಪೆಂತೆಕೋಸ್ತ್ ಕೆಂಪು, ತ್ರಿತ್ವದ ಭಾನುವಾರವೂ ಅದರ ಮುಂದಿನ ಪರಮಪ್ರಸಾದದ ಹಬ್ಬದ ಭಾನುವಾರವೂ ಬಿಳಿ, ಮುಂದೆ ಉದ್ದಕ್ಕೂ ಹಸಿರು, ಕೊನೆಯ ಕ್ರಿಸ್ತರಾಜರ ಹಬ್ಬ ಬಿಳಿ. ತಪಸ್ಸುಕಾಲಕ್ಕೆ ಮೊದಲು ಎಷ್ಟು ಹಸಿರು ಭಾನುವಾರ ಎಂಬುದು ಪಾಸ್ಖ ಹಬ್ಬದ ತಾರೀಕಿನ ಮೇಲೆ ವರ್ಷ ವರ್ಷ ಬದಲಾಗುತ್ತದೆ. ಹಾಗಾಗಿ ಹೋದ ವರ್ಷದ ಪುಸ್ತಕ ನೋಡಿ ಬರೆಸಬೇಡಿ, ಈ ವರ್ಷದ ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ತನ್ನಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ಚಕ್ರದ ಹೊರಗೆ ಒಂದು ತೆನೆಯ ಗುರುತಿನಿಂದ ತೋರಿಸಿ. ಚರ್ಚಿನ ಲೆಕ್ಕದಲ್ಲಿ ಅದು ಮರಿಯಮ್ಮನವರ ಜನ್ಮದಿನ, ನಮ್ಮ ಮಕ್ಕಳಿಗೆ ಹೂವಿನ ಬುಟ್ಟಿ ಮತ್ತು ಹೊಸ ಅಕ್ಕಿ.

ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಅರ್ಪಿಸುವ ಹೂವುಗಳಲ್ಲಿ ಒಂದನ್ನು ಪುಸ್ತಕದಲ್ಲಿ ಇಡುವ ಆಸೆ ಎಲ್ಲರಿಗೂ. ಮಲ್ಲಿಗೆ ಬೇಡ, ಶಂಕರಪುರದ್ದೇ ಆದರೂ ಎರಡು ದಿನಕ್ಕೆ ಕಂದು. ದಾಸವಾಳ ಅಂಟಾಗಿ ಪುಟವನ್ನೇ ಹಿಡಿಯುತ್ತದೆ. ಅಬ್ಬಲಿಗೆ ಮತ್ತು ಬಿಡಿಸಿದ ಗೊಂಡೆ ಹೂವಿನ ಎಸಳು ತೆಳ್ಳಗಿರುವುದರಿಂದ ಪತ್ರಿಕೆಯ ಮಡಿಕೆಯಲ್ಲಿ ಭಾರದಡಿ ಹತ್ತು ದಿನ ಇಟ್ಟರೆ ಒಣಗುತ್ತವೆ. ಮಳೆಗಾಲವಾದ್ದರಿಂದ ಪತ್ರಿಕೆಯನ್ನು ದಿನಾ ಬದಲಿಸಬೇಕು. ಆಶೀರ್ವದಿಸಿದ ತೆನೆಯನ್ನು ಅಂಟಿಸಬೇಡಿ, ಭತ್ತದ ಕಾಳಿಗೆ ಹುಳು ಬರುತ್ತದೆ. ಒಂದು ಎಲೆ ಮಾತ್ರ ಬಟರ್ ಪೇಪರಿನ ಲಕೋಟೆಯಲ್ಲಿ ಇಡಿ. ಗರಿಗಳ ಭಾನುವಾರದ ತೆಂಗಿನ ಎಳೆಗರಿಗೂ ಇದೇ ಕ್ರಮ. ಆಶೀರ್ವದಿಸಿದ ವಸ್ತುವನ್ನು ಕಸಕ್ಕೆ ಹಾಕುವಂತಿಲ್ಲ, ಹಾಳಾದರೆ ಸುಡಬೇಕು ಇಲ್ಲವೇ ಹೂಳಬೇಕು ಎಂಬುದನ್ನು ಆ ಪುಟದಲ್ಲೇ ಬರೆಸಿ. ಹಿಂದಿನ ವರ್ಷದ ಗರಿಯ ಬೂದಿಯೇ ವಿಭೂತಿ ಬುಧವಾರ ಹಣೆಗೆ ಬರುವುದು ಎಂದು ಹೇಳಿದಾಗ ಮಕ್ಕಳು ಗರಿಯನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತಾರೆ.

ಪ್ರಾರ್ಥನೆಗಳ ಪುಟದಲ್ಲಿ ನಕಲು ಬರೆಸುವುದು ವ್ಯರ್ಥ. ‘ನಮೋ ಮರಿಯಾ’ ಅಥವಾ ‘ನಮಾನ್ ಮರಿಯೆ’ಯನ್ನು ದೊಡ್ಡ ಅಕ್ಷರದಲ್ಲಿ ನೀವೇ ಬರೆದು ಝೆರಾಕ್ಸ್ ಮಾಡಿಸಿ, ಐದು ಪದ ಬಿಟ್ಟಿರಿ. ಬಿಟ್ಟ ಜಾಗಕ್ಕೆ ಮಗು ಪದವನ್ನೋ ಚಿತ್ರವನ್ನೋ ಹಾಕಲಿ. ಪರಲೋಕ ಪ್ರಾರ್ಥನೆಯ ‘ಅನುದಿನದ ಆಹಾರ’ಕ್ಕೆ ಗಂಜಿ ಊಟದ ಬಟ್ಟಲು ಬಂದರೆ ಪಾಠ ಮುಟ್ಟಿದೆ ಎಂದರ್ಥ. ಜಪಮಾಲೆಯ ಪುಟಕ್ಕೆ ಮನೆಯ ಜಪಮಾಲೆಯ ಶಿಲುಬೆಯ ಮೇಲೆ ತೆಳು ಕಾಗದ ಇಟ್ಟು, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿಸಿ, ಅಚ್ಚು ಮೂಡುತ್ತದೆ. ಜಪಮಾಲೆ ಹೇಳುತ್ತ ಧ್ಯಾನಿಸುವ ರಹಸ್ಯಗಳ ಹಳೆಯ ಚಾರ್ಟಿನಲ್ಲಿ 15 ಇರುತ್ತವೆ. ಎರಡನೆಯ ಜಾನ್ ಪಾಲ್ ಪೋಪರು 2002ರಲ್ಲಿ ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ 20.

ಬಲಿಪೂಜೆಯ ಮಡಿಕೆ

ಎ4 ಹಾಳೆಯನ್ನು ಉದ್ದಕ್ಕೆ ಸೀಳಿದರೆ 29.7 ಸೆಂ.ಮೀ. ಉದ್ದ, 10.5 ಸೆಂ.ಮೀ. ಅಗಲದ ಎರಡು ಪಟ್ಟಿ. ಒಂದು ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಅಂಟಿಸಿದರೆ 58.4 ಸೆಂ.ಮೀ. ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಇನ್ನೊಮ್ಮೆ ಅರ್ಧಕ್ಕೆ ಮಡಚಿ ಬಿಡಿಸಿದರೆ 7.3 ಸೆಂ.ಮೀ.ಗಳ ಎಂಟು ಮನೆ. ಆ ಗೆರೆಗಳ ಮೇಲೆಯೇ ಬೀಸಣಿಗೆಯಂತೆ ಹಿಂದೆ ಮುಂದೆ ಮಡಚಿ. ಎಂಟು ಚಿತ್ರ: ಒಟ್ಟುಗೂಡುವುದು, ಕ್ಷಮೆ ಕೇಳುವುದು, ವಾಚನ, ಶುಭಸಂದೇಶ, ಕಾಣಿಕೆ, ರೊಟ್ಟಿ–ದ್ರಾಕ್ಷಾರಸ ಎತ್ತಿ ಹಿಡಿಯುವುದು, ಪರಮಪ್ರಸಾದ, ಕಳುಹಿಸಿಕೊಡುವುದು.

ಅಂಟಿಸುವುದು ಮೊದಲ ಮನೆಯ ಹಿಂಬದಿಯನ್ನು ಮಾತ್ರ, ಎಡಪುಟದ ಎಡ ಅಂಚಿಗೆ. ಹಾಗಾದರೆ ಮಡಿಕೆ ಬಲಕ್ಕೆ ತೆರೆದುಕೊಂಡು ಎರಡು ಪುಟ ದಾಟಿ ಹೊರಗೆ ಚಾಚುತ್ತದೆ. ಮುಚ್ಚಿದಾಗ ಮೇಲೆ ಕಾಣುವ ಎಂಟನೆಯ ಮನೆಯ ಬೆನ್ನಿನ ಮೇಲೆ ಶೀರ್ಷಿಕೆ ಬರೆಯಬಹುದು. ಕೊನೆಯ ಮನೆಯನ್ನೂ ಅಂಟಿಸಿದವರ ಮಡಿಕೆ ಮತ್ತೆ ತೆರೆಯುವುದಿಲ್ಲ. ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಹೀಗೆ ಮಾಡಿಯೇ ಮಾಡುತ್ತಾರೆ, ಆರು ಪಟ್ಟಿ ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ.

ರೊಟ್ಟಿಯ ಚಿತ್ರಕ್ಕೆ ನೀರಿನ ಬಾಟಲಿಯ ಮುಚ್ಚಳ ಇಟ್ಟು ಗೆರೆ ಎಳೆದರೆ ಸುಮಾರು 3 ಸೆಂ.ಮೀ., ಜನರಿಗೆ ಕೊಡುವ ರೊಟ್ಟಿಯ ಅಳತೆಗೆ ಹತ್ತಿರ. ಪವಿತ್ರೀಕರಿಸದ ರೊಟ್ಟಿಯನ್ನೇ ತಂದು ಅಂಟಿಸುವವರಿದ್ದಾರೆ. ಇರುವೆ ಬರುತ್ತದೆ ಎಂಬುದು ಸಣ್ಣ ಮಾತು. ಯಾವುದು ಬರೀ ರೊಟ್ಟಿ, ಯಾವುದು ಅಲ್ಲ ಎಂದು ಕಲಿಸುತ್ತಿರುವ ವರ್ಷದಲ್ಲೇ ಮಗುವನ್ನು ಗೊಂದಲಕ್ಕೆ ತಳ್ಳಿದಂತೆ.

ಉಪವಾಸಕ್ಕೆ ಒಂದು ಗಡಿಯಾರದ ಪುಟ ಬೇಕು. ಒಂದು ಗಂಟೆಯ ಉಪವಾಸವನ್ನು ಎಣಿಸುವುದು ಪರಮಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ, ಪೂಜೆ ಶುರುವಾಗುವ ಹೊತ್ತಿನಿಂದಲ್ಲ. ನೀರಿಗೂ ಔಷಧಿಗೂ ಅಡ್ಡಿಯಿಲ್ಲ. 7.30ರ ಪೂಜೆಯಲ್ಲಿ 8.10ಕ್ಕೆ ಪ್ರಸಾದ ಎಂದಾದರೆ 7.10ರ ಮೇಲೆ ಏನೂ ತಿನ್ನಬಾರದು. ಮಗುವೇ ತಮ್ಮ ಪೂಜೆಯ ಲೆಕ್ಕ ಹಾಕಿ ಎರಡು ಮುಳ್ಳು ಬಿಡಿಸಲಿ. ರಾತ್ರಿಯಿಂದ ಹಸಿದುಕೊಂಡು ಬಂದು ಸೆಖೆಯಲ್ಲಿ ತಲೆತಿರುಗಿ ಬೀಳುವ ಮಕ್ಕಳಿಗಾಗಿ ಈ ಪುಟ.

ಪಾಪನಿವೇದನೆಯ ಪುಟದಲ್ಲಿ ಏನು ಬರೆಯಬಾರದು

ಮೊದಲ ಪರಮಪ್ರಸಾದಕ್ಕೆ ಮುಂಚೆ ಪಾಪನಿವೇದನೆ ಇರಬೇಕೆಂಬುದು ಚರ್ಚಿನ ನಿಯಮ. ಮಕ್ಕಳಿಗೆ ಭಯ ಇರುವುದೂ ಇಲ್ಲೇ. ನೋಟ್‌ಬುಕ್ಕಿನಲ್ಲಿ ‘ನನ್ನ ತಪ್ಪುಗಳು’ ಎಂದು ಪಟ್ಟಿ ಬರೆಸುವುದನ್ನು ಕಟ್ಟುನಿಟ್ಟಾಗಿ ಬಿಡಿ. ಧರ್ಮಗುರುಗಳು ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ, ಆದರೆ ನೋಟ್‌ಬುಕ್ಕನ್ನು ಅಣ್ಣ ಓದುತ್ತಾನೆ, ಅಜ್ಜಿ ಓದುತ್ತಾರೆ, ತರಗತಿಯ ಅರ್ಧ ಮಕ್ಕಳು ಓದುತ್ತಾರೆ. ಒಮ್ಮೆ ಯಾರಾದರೂ ನಕ್ಕರೆ ಆ ಮಗು ಮುಂದೆ ಬಾಯಿ ಬಿಡುವುದಿಲ್ಲ.

ಪುಟಕ್ಕೆ ಹಾದಿಯ ಚಿತ್ರ ಸಾಕು. ಒಂದು ತುದಿಯಲ್ಲಿ ಮಗು, ಇನ್ನೊಂದು ತುದಿಯಲ್ಲಿ ಮನೆ. ನಡುವೆ ಐದು ಕಲ್ಲು: ನೆನಪಿಸಿಕೊಳ್ಳುವುದು, ದುಃಖಪಡುವುದು, ಇನ್ನು ಮಾಡೆನೆಂದು ನಿರ್ಧರಿಸುವುದು, ಹೇಳುವುದು, ಕೊಟ್ಟ ಪ್ರಾಯಶ್ಚಿತ್ತ ಮಾಡುವುದು. ಮೇಲೆ ಲೂಕ 15ರ ಕಳೆದುಹೋದ ಮಗನ ಕಥೆ. ಮನೆಯನ್ನು ಮಕ್ಕಳು ತಮ್ಮ ಮನೆಯಂತೆಯೇ ಬಿಡಿಸುತ್ತಾರೆ, ಹಂಚಿನ ಮಾಡು, ಅಂಗಳದಲ್ಲಿ ತುಳಸಿಯ ಬದಲು ಶಿಲುಬೆ, ಇಲ್ಲವೇ ಫ್ಲ್ಯಾಟಿನ ಲಿಫ್ಟು. ಬಾಗಿಲಲ್ಲಿ ತಂದೆ ನಿಂತಿರಲಿ, ಕಥೆಯಲ್ಲಿ ಅವನು ದೂರದಿಂದಲೇ ನೋಡಿ ಓಡಿ ಬರುತ್ತಾನೆ. ಪಾಪನಿವೇದನೆ ಮಾಡುವ ಮೊದಲು ನೆನಪಿಗೆ ಚೀಟಿ ಬೇಕೆನ್ನುವ ಮಗುವಿಗೆ ಬಿಡಿ ಕಾಗದ ಕೊಡಿ. ನಂತರ ತಾನೇ ಹರಿದು ನೀರಿನ ಬಕೆಟ್ಟಿಗೆ ಹಾಕಲಿ. ಚೀಟಿಗಳನ್ನು ಟೀಚರ್ ಒಟ್ಟುಮಾಡಬಾರದು.

ದೃಢೀಕರಣದ ಮಕ್ಕಳಿಗೆ

ದೃಢೀಕರಣ (ಕನ್ಫರ್ಮೇಶನ್) ಪಡೆಯುವ ಇವರು ಹೈಸ್ಕೂಲಿನವರು. ಬಣ್ಣ ತುಂಬು ಎಂದರೆ ಮುಖ ಸಿಂಡರಿಸುತ್ತಾರೆ. ಹೊಸ ಪುಸ್ತಕ ಬೇಡ, ಹಳೆಯ ಪುಸ್ತಕದಲ್ಲಿ ಉಳಿದ 18 ಪುಟದಲ್ಲೇ ಮುಂದುವರಿಸಿದರೆ ಮೊದಲ ಪುಟದ ತಾರೀಕಿನ ಪಕ್ಕದಲ್ಲೇ ದೃಢೀಕರಣದ ತಾರೀಕು ಬರೆಯಬಹುದು. ಚರ್ಚಿನ ದಾಖಲೆಯಲ್ಲೂ ದೃಢೀಕರಣವನ್ನು ದೀಕ್ಷಾಸ್ನಾನದ ಪುಸ್ತಕದಲ್ಲೇ ಗುರುತಿಸುತ್ತಾರೆ.

ಇವರಿಗೆ ನಾಟುವುದು ಎಣ್ಣೆಯ ಪ್ರಯೋಗ. ಒಂದು ಕಾರ್ಡಿನ ತುಂಡಿಗೆ ತೆಂಗಿನೆಣ್ಣೆಯ ಒಂದೇ ಹನಿ ಹಾಕಿಸಿ, ಪಕ್ಕದಲ್ಲಿ ನೀರಿನ ಒಂದು ಹನಿ. ಅರ್ಧ ಗಂಟೆಯಲ್ಲಿ ನೀರು ಆರಿ ಹೋಗುತ್ತದೆ. ಎಣ್ಣೆ ಬಿದ್ದ ಜಾಗ ಬೆಳಕಿಗೆ ಹಿಡಿದರೆ ಹೊಳೆಯುತ್ತದೆ, ಉಜ್ಜಿದರೂ ಹೋಗುವುದಿಲ್ಲ. ದೀಕ್ಷಾಸ್ನಾನ, ದೃಢೀಕರಣ, ಗುರುದೀಕ್ಷೆ ಈ ಮೂರು ಬದುಕಿನಲ್ಲಿ ಒಮ್ಮೆ ಮಾತ್ರ ಏಕೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಸಂಸ್ಕಾರದ ಎಣ್ಣೆ ತೆಂಗಿನದಲ್ಲ, ಸಾಮಾನ್ಯವಾಗಿ ಆಲಿವ್ ಎಣ್ಣೆಗೆ ಸುಗಂಧ ದ್ರವ್ಯ ಬೆರೆಸಿದ್ದು, ಪವಿತ್ರ ವಾರದ ಹೊತ್ತಿಗೆ ಧರ್ಮಾಧ್ಯಕ್ಷರು (ಬಿಷಪ್) ಪವಿತ್ರೀಕರಿಸಿದ್ದು ಎಂದು ಬರೆಸಿ. ಕಾರ್ಡನ್ನು ಪುಟಕ್ಕೆ ನೇರ ಅಂಟಿಸಬೇಡಿ, ಎಣ್ಣೆ ದಿನಗಟ್ಟಲೆ ಹರಡಿ ಆಚೀಚೆಯ ನಾಲ್ಕು ಪುಟ ಹಾಳುಮಾಡುತ್ತದೆ. ಸಣ್ಣ ಪ್ಲಾಸ್ಟಿಕ್ ಜಿಪ್ ಕವರಿನಲ್ಲಿ ಹಾಕಿ ಕವರನ್ನು ಅಂಟಿಸಿ.

ಪವಿತ್ರಾತ್ಮರ ವರಗಳು 7. ಫಲಗಳು ಎಷ್ಟು ಎಂಬಲ್ಲಿ ಜಗಳ ಬರುತ್ತದೆ: ಗಲಾತ್ಯರಿಗೆ ಬರೆದ ಪತ್ರ 5:22–23ರಲ್ಲಿ ಎಣಿಸಿದರೆ 9, ಕಥೋಲಿಕ ಧರ್ಮೋಪದೇಶದಲ್ಲಿ 12. ಲ್ಯಾಟಿನ್ ಬೈಬಲಿನ ಪಾಠದಲ್ಲಿ 12 ಇದ್ದುದೇ ಕಾರಣ. ಎರಡನ್ನೂ ಎರಡು ಸಾಲಿನಲ್ಲಿ ಬರೆಸಿಬಿಡಿ, ಮಕ್ಕಳು ತಾವೇ ಹೋಲಿಸಲಿ.

ಸಂತರ ಪುಟಕ್ಕೆ ಈಗ ಎಲ್ಲರೂ ಬರೆಯುವುದು 2025ರ ಸೆಪ್ಟೆಂಬರಿನಲ್ಲಿ ಸಂತರಾದ ಕಾರ್ಲೊ ಅಕ್ಯುತಿಸರ ಬಗ್ಗೆ. ಕಂಪ್ಯೂಟರ್ ಬಲ್ಲ ಹುಡುಗ, ಚಿತ್ರ ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ತಪ್ಪೇನಿಲ್ಲ. ಆದರೆ ನಡೆದು ಹೋಗಿ ನೋಡಬಹುದಾದ ಸಂತರೂ ಇದ್ದಾರೆ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ 1681ರಿಂದ 84ರವರೆಗೆ ಇದೇ ಕೆನರಾದಲ್ಲಿ ಸೇವೆ ಮಾಡಿ, ಆಮೇಲೆ ಸಿಲೋನಿಗೆ ಹೋದವರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಫ್ರಾನ್ಸಿಸ್ ಪೋಪರು ಅವರನ್ನು ಸಂತರೆಂದು ಘೋಷಿಸಿದರು. ಮುಡಿಪು ಬೆಟ್ಟದಲ್ಲಿ ಅವರ ಪುಣ್ಯಕ್ಷೇತ್ರವಿದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಒಂದು ಶನಿವಾರ ಕರೆದೊಯ್ಯಿರಿ. ಇಟಲಿಯ ಯೇಸುಸಭೆಯ (ಜೆಸ್ಯುಟ್) ಬ್ರದರ್ ಆಂತೋನಿಯೊ ಮೊಸ್ಕೇನಿ 1901ಕ್ಕೆ ಮುಗಿಸಿದ ಚಿತ್ರಗಳು ಅಲ್ಲಿವೆ, ಒಳಮಾಡಿನಲ್ಲಿ ಅಲೋಶಿಯಸರ ಬದುಕು. ಮೊಬೈಲ್ ಚೀಲದಲ್ಲಿರಲಿ. ಪೆನ್ಸಿಲ್ ಹಿಡಿದು ಒಂದೇ ಮೂಲೆ, ಒಂದು ಕೈಯೋ ಒಂದು ನಾಯಿಯೋ, ಹದಿನೈದು ನಿಮಿಷ ನೋಡಿ ಬಿಡಿಸಲಿ. ಅಲೋಶಿಯಸರಿಗೆ ಮೊದಲ ಪರಮಪ್ರಸಾದ ಕೊಟ್ಟವರು ಸಂತ ಚಾರ್ಲ್ಸ್ ಬೊರೊಮಿಯೊ, 1580ರಲ್ಲಿ. ಆಗ ಹುಡುಗನಿಗೆ 12 ವರ್ಷ. ಏಳರ ಆಸುಪಾಸಿನ ಮಕ್ಕಳಿಗೂ ಪ್ರಸಾದ ಕೊಡಬೇಕೆಂದು ಹತ್ತನೆಯ ಪಿಯುಸ್ ಪೋಪರ ಆಜ್ಞೆ ಬಂದದ್ದು 1910ರಲ್ಲಿ. ‘ನನಗೆ ಎಂಟಕ್ಕೇ ಸಿಕ್ಕಿತು’ ಎಂಬುದು ಆ ಪುಟದ ಕೆಳಗಿನ ಅರ್ಧಕ್ಕೆ ಬರುವ ಸಾಲು.

ತಿದ್ದುವುದು

ಕೆಂಪು ಪೆನ್ನು ಬೇಡ. ಮೇಲಿನ ಅರ್ಧದಲ್ಲಿ ತಪ್ಪಿದ್ದರೆ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಚುಕ್ಕೆ ಇಟ್ಟು, ಮಗುವನ್ನೇ ಕರೆದು ಓದಿಸಿ, ತಪ್ಪನ್ನು ಅದೇ ಹುಡುಕಲಿ. ಕೆಳಗಿನ ಅರ್ಧದ ಕಾಗುಣಿತವನ್ನು ತಿದ್ದಬೇಡಿ. ಅಲ್ಲಿ ವಿಶ್ವಾಸದ ವಿಷಯವೇ ತಪ್ಪಿದ್ದರೆ, ತ್ರಿತ್ವವನ್ನು ಮೂವರು ದೇವರೆಂದು ಬರೆದಿದ್ದರೆ, ಪುಸ್ತಕ ಮುಚ್ಚಿ ಬಾಯಿಮಾತಿನಲ್ಲಿ ಹೇಳಿ, ಮುಂದಿನ ಪುಟದಲ್ಲಿ ಅದೇ ವಿಷಯ ಇನ್ನೊಮ್ಮೆ ಬರಲಿ. ‘ಚಂದದ ನೋಟ್‌ಬುಕ್’ ಸ್ಪರ್ಧೆ ಇಟ್ಟರೆ ಮುಂದಿನ ವರ್ಷದಿಂದ ಎಲ್ಲ ಪುಸ್ತಕಗಳನ್ನೂ ಅಮ್ಮಂದಿರೇ ಬರೆಯುತ್ತಾರೆ. ಹೆತ್ತವರ ಸಭೆಯಲ್ಲಿ ಜೂನ್‌ನಲ್ಲೇ ಅವರಿಗೊಂದು ಕೆಲಸ ಕೊಟ್ಟುಬಿಡಿ: ಪುಸ್ತಕದ ಹಿಂದಿನ ಒಂದು ಪುಟ ಅವರದು, ತಮ್ಮ ಮೊದಲ ಪರಮಪ್ರಸಾದದ ದಿನದ ಬಗ್ಗೆ ಹತ್ತು ಸಾಲು, ಮಗುವಿಗೆ ಬರೆದ ಪತ್ರದಂತೆ. ಪೆನ್ನು ಹಿಡಿಯುವ ಆಸೆ ಅಲ್ಲಿಗೆ ತೀರುತ್ತದೆ, ಮತ್ತು ಮಕ್ಕಳು ಅತಿ ಹೆಚ್ಚು ಸಲ ಓದುವುದು ಆ ಪುಟವನ್ನೇ.

ಕೊನೆಯ ಪುಟ

ಸಂಸ್ಕಾರದ ದಿನದ ಪುಟವನ್ನು ಅದೇ ದಿನ ಬರೆಸಬೇಡಿ. ಅಂದು ಬಿಳಿ ಅಂಗಿ, ಫೋಟೊ, ಮನೆಯ ಊಟ, ನೆಂಟರು. ಮುಂದಿನ ಭಾನುವಾರ, ಎರಡನೆಯ ಸಲ ಪರಮಪ್ರಸಾದ ಸ್ವೀಕರಿಸಿ ಬಂದ ಮೇಲೆ, ಖಾಲಿ ಪುಟದ ಮೇಲೆ ತಾರೀಕು ಮಾತ್ರ ಬರೆದು ಕೊಡಿ. ಫೋಟೊ ಅಂಟಿಸುವುದಾದರೆ ಫೆವಿಕಾಲ್ ಹಚ್ಚದೆ, ಕಾಗದದ ನಾಲ್ಕು ಮೂಲೆ ಮಾಡಿ ಸಿಕ್ಕಿಸಿ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಖದ ಮೇಲೆ ಗೆರೆ ಏಳುತ್ತದೆ, ಮೆತ್ತಗಿನ ಪೆನ್ಸಿಲ್ ಬಳಸಿ. ಕೆಲವರು ಒಂದೇ ಸಾಲು ಬರೆಯುತ್ತಾರೆ. ಕೆಲವರು ಪುಟವನ್ನು ಖಾಲಿ ಬಿಟ್ಟು ವಾಪಸು ಕೊಡುತ್ತಾರೆ, ಅದನ್ನೂ ಹಾಗೆಯೇ ತೆಗೆದುಕೊಳ್ಳಿ.